ಮುಳ್ಳಿಗೆ ಲೀಟರು ಕಲಿಸುವ ಕೆಲಸ

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಜಲಾಶಯಗಳ ಪಟ್ಟಿ ಕಾಣಿಸಿಕೊಳ್ಳುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ. ಮಂಡ್ಯದ ಕಡೆಯ ರೈತರಿಗೆ ಈ ಎರಡೂ ಅಂಕಿ ಬಾಯಿಪಾಠ. ಮಟ್ಟ 100 ಅಡಿಗೆ ಇಳಿದಾಗ ಹೊಸಬರು ‘ಇನ್ನೂ ಐದರಲ್ಲಿ ನಾಲ್ಕು ಪಾಲು ನೀರಿದೆಯಲ್ಲ’ ಎಂದು ಸಮಾಧಾನಪಟ್ಟಾರು. ನಾಲೆ ನಂಬಿ ಭತ್ತ ಹಾಕಿದವರು ಹಾಗೆ ಸಮಾಧಾನಪಡುವುದಿಲ್ಲ. ಆಗ ಅಣೆಕಟ್ಟೆಯಲ್ಲಿ ಉಳಿದಿರುವುದು ಅರ್ಧಕ್ಕಿಂತ ಕಡಿಮೆ ಎಂಬುದು ಅವರಿಗೆ ಗೊತ್ತು. ಕಣಿವೆ ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಮೇಲಿನ ಒಂದು ಅಡಿ ನೀರೂ ತಳದ ಒಂದು ಅಡಿ ನೀರೂ ಸಮವಲ್ಲ. ಅಳತೆಯ ಪಟ್ಟಿ ಹೇಳುವುದು ಎತ್ತರವನ್ನು, ಬೇಕಾಗಿರುವುದು ಪ್ರಮಾಣ. ಒಂದರಿಂದ ಇನ್ನೊಂದನ್ನು ತಿಳಿಯಲು ಎಂಜಿನಿಯರುಗಳು ಕಣಿವೆಯನ್ನೇ ಅಳೆದು ಕೋಷ್ಟಕ ಮಾಡಿಟ್ಟಿದ್ದಾರೆ.

ಸಣ್ಣ ವಿಮಾನದ ರೆಕ್ಕೆಯೊಳಗಿರುವ ಪೆಟ್ರೋಲ್ ಟ್ಯಾಂಕು ಕೂಡ ಇಂಥದೇ ಒಂದು ಪುಟ್ಟ ಜಲಾಶಯ. ಅಲ್ಲಿಯೂ ಎತ್ತರ ಬೇರೆ, ಪ್ರಮಾಣ ಬೇರೆ. ಆದರೆ ಕೆಆರ್‌ಎಸ್ ಇದ್ದಲ್ಲೇ ಇರುತ್ತದೆ. ವಿಮಾನದ ಟ್ಯಾಂಕು ಮೂಗೆತ್ತಿ ಏರುತ್ತದೆ, ತಲೆತಗ್ಗಿಸಿ ಇಳಿಯುತ್ತದೆ, ತಿರುವಿನಲ್ಲಿ ವಾಲುತ್ತದೆ. ಇಂಥ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಉಳಿದಿದೆ ಎಂಬುದನ್ನು ಪೈಲಟ್‌ಗೆ ತೋರಿಸುವುದು ಅವನ ಮುಂದಿರುವ ಒಂದು ಪುಟ್ಟ ಗೇಜಿನ ಮುಳ್ಳು. ಆ ಮುಳ್ಳಿಗೆ ಲೀಟರು ಎಂದರೇನೆಂದು ಹುಟ್ಟಿನಿಂದ ಗೊತ್ತಿರುವುದಿಲ್ಲ. ಯಾರಾದರೂ ಕೂತು ಕಲಿಸಬೇಕು. ತಂತ್ರಜ್ಞರು ಇದನ್ನು ಕ್ಯಾಲಿಬ್ರೇಶನ್ ಎನ್ನುತ್ತಾರೆ. ಅಳತೆಯನ್ನು ತಾಳೆ ನೋಡಿ ಸರಿಪಡಿಸುವುದು ಎಂದರೂ ಆದೀತು.

ಇದೇನು ಮಹಾ ಎನ್ನಬೇಡಿ. ಹಿಂದಿನ ಸ್ಕೂಟರ್‌ಗಳಲ್ಲಿ ಪೆಟ್ರೋಲ್ ಗೇಜೇ ಇರಲಿಲ್ಲ. ಎಂಜಿನ್ ಕೆಮ್ಮಿದರೆ ಸೀಟಿನ ಕೆಳಗಿನ ಕಿವಿ ತಿರುಗಿಸಿ ರಿಸರ್ವ್‌ಗೆ ಹಾಕಿಕೊಂಡು, ಮುಂದಿನ ಬಂಕ್‌ವರೆಗೆ ಸಾಗಿದರಾಯಿತು. ಅದೂ ಮುಗಿದರೆ ತಳ್ಳಿಕೊಂಡು ಹೋಗಬಹುದು. ಆಕಾಶದಲ್ಲಿ ತಳ್ಳುವುದು ಎಲ್ಲಿಂದ ಬಂತು?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2017ರಲ್ಲಿ ಪೈಲಟ್‌ಗಳಿಗೆಂದೇ ಒಂದು ಎಚ್ಚರಿಕೆ ಹೊರಡಿಸಿತು. 2011ರಿಂದ 2015ರವರೆಗೆ ಆ ದೇಶದಲ್ಲಿ ಇಂಧನ ನಿರ್ವಹಣೆಯ ಎಡವಟ್ಟಿನಿಂದಾದ ಸಣ್ಣ ವಿಮಾನಗಳ ಅಪಘಾತ ವರ್ಷಕ್ಕೆ ಸರಾಸರಿ ಐವತ್ತಕ್ಕೂ ಹೆಚ್ಚು. ನೂರರಲ್ಲಿ 95ರಲ್ಲಿ ಪೈಲಟ್‌ನ ತಪ್ಪೂ ಸೇರಿತ್ತು. ಟ್ಯಾಂಕು ಬರಿದಾದದ್ದು ಕೆಲವೆಡೆ. ಒಂದು ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಎಂಜಿನ್‌ಗೆ ತಲುಪದೆ ಹೋದದ್ದು ಇನ್ನು ಕೆಲವೆಡೆ.

ಒಂದು ಪ್ರಸಿದ್ಧ ಪ್ರಕರಣವನ್ನೇ ನೋಡಿ. ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಹಾಡಿನಿಂದ ಜಗತ್ತಿಗೆಲ್ಲ ಪರಿಚಿತನಾದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ವಿಮಾನ ಬಿದ್ದು ತೀರಿಕೊಂಡ. ಅದು ‘ಲಾಂಗ್ ಈಝೀ’ ಎಂಬ ಎರಡು ಸೀಟಿನ ವಿಮಾನ, ಹವ್ಯಾಸಿಯೊಬ್ಬರು ನಕ್ಷೆ ನೋಡಿ ಕಟ್ಟಿದ್ದು. ಡೆನ್ವರ್ ಅದನ್ನು ಆಗಷ್ಟೇ ಕೊಂಡಿದ್ದ. ಎಡ ಟ್ಯಾಂಕಿನಿಂದ ಬಲ ಟ್ಯಾಂಕಿಗೆ ಬದಲಿಸುವ ಹಿಡಿಕೆ ಪೈಲಟ್‌ನ ಎಡ ಭುಜದ ಹಿಂದಿತ್ತು. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತೋರಿಸುವ ಪಾರದರ್ಶಕ ಕಿಂಡಿಗಳು ಹಿಂದಿನ ಸೀಟಿನ ಬದಿಯಲ್ಲಿದ್ದವು. ಮುಂದೆ ಕೂತವನಿಗೆ ನೇರವಾಗಿ ಕಾಣುತ್ತಿರಲಿಲ್ಲ. ಹಾರುವ ಮುನ್ನ ತಂತ್ರಜ್ಞರೊಬ್ಬರು ಹಿಂದಿನದು ಕಾಣಲೆಂದು ಅವನಿಗೆ ಪುಟ್ಟ ಕನ್ನಡಿ ಕೊಟ್ಟರು. ಆ ಕಿಂಡಿಗಳ ಮೇಲೆ ಗುರುತುಗಳೇ ಇರಲಿಲ್ಲ. ಪೆಟ್ರೋಲ್‌ನ ಮಟ್ಟ ಕಾಣುತ್ತದೆ, ಆದರೆ ಅಷ್ಟು ಮಟ್ಟಕ್ಕೆ ಎಷ್ಟು ಲೀಟರ್ ಎಂದು ಎಲ್ಲಿಯೂ ಬರೆದಿಲ್ಲ. ಪೆಟ್ರೋಲ್ ಹಾಕಲೇ ಎಂದು ಕೇಳಿದಾಗ, ಹಾರುವುದು ಒಂದು ಗಂಟೆಯಷ್ಟೇ, ಬೇಡ ಎಂದ ಡೆನ್ವರ್.

ತನಿಖೆ ಮುಗಿದ ಮೇಲೆ ಮಂಡಳಿ ಹೇಳಿದ್ದು ಇಷ್ಟು: ಹಿಡಿಕೆ ತಿರುಗಿಸಲು ಹೋದಾಗ ಗಮನ ಬೇರೆಡೆ ಹೋಗಿ, ಗೊತ್ತಿಲ್ಲದೆ ಬಲಗಾಲಿನ ರಡ್ಡರ್ ಒತ್ತಿ, ವಿಮಾನ ಹಿಡಿತ ತಪ್ಪಿತು. ಪೆಟ್ರೋಲ್ ತುಂಬಿಸದೆ ಹೊರಟದ್ದೂ ಕಾರಣ. ಹಿಡಿಕೆಯ ಜಾಗ, ಆ ಮಾದರಿಯಲ್ಲಿ ಸಾಲದ ಅನುಭವ, ಇವುಗಳ ಜೊತೆಗೆ ಗುರುತಿಲ್ಲದ ಆ ಕಿಂಡಿಗಳನ್ನೂ ಮಂಡಳಿ ಹೆಸರಿಸಿತು. ಕಿಂಡಿಯ ಪಕ್ಕ ಲೀಟರಿನ ನಾಲ್ಕು ಗೆರೆ ಎಳೆಯಲು ಬೇಕಾಗಿದ್ದುದು ಒಂದು ಅಳತೆ ಕ್ಯಾನು, ಒಂದು ಪೆನ್ನು ಮತ್ತು ಅರ್ಧ ದಿನ.

ಗೇಜು ಕೆಲಸ ಮಾಡುವುದಾದರೂ ಹೇಗೆ? ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ನೋಡಿರುತ್ತೀರಿ. ಉದ್ದನೆಯ ಸರಳಿನ ತುದಿಯಲ್ಲಿ ತೇಲುವ ಗುಂಡು. ನೀರು ಏರಿದಂತೆ ಗುಂಡು ಏರುತ್ತದೆ. ಬಹುಪಾಲು ಸಣ್ಣ ವಿಮಾನಗಳಲ್ಲಿರುವುದು ಇದೇ ಏರ್ಪಾಟು. ಸರಳಿನ ಇನ್ನೊಂದು ತುದಿ ಒಂದು ವಿದ್ಯುತ್ ರೋಧಕದ ಮೇಲೆ ಸರಿದಾಡುತ್ತದೆ, ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯ ಹಾಗೆ. ಗುಂಡು ಮೇಲೆ ಹೋದರೆ ರೋಧ ಒಂದು ಬಗೆ, ಕೆಳಗೆ ಬಂದರೆ ಇನ್ನೊಂದು ಬಗೆ. ಆ ವ್ಯತ್ಯಾಸವೇ ತಂತಿಯಲ್ಲಿ ಹರಿದು ಕಾಕ್‌ಪಿಟ್‌ನ ಮುಳ್ಳನ್ನು ತಿರುಗಿಸುತ್ತದೆ.

ಇನ್ನೊಂದು ಬಗೆಯಲ್ಲಿ ಅಲುಗಾಡುವ ಭಾಗವೇ ಇಲ್ಲ. ಒಂದರೊಳಗೊಂದು ತೂರಿಸಿದ ಎರಡು ಲೋಹದ ಕೊಳವೆಗಳನ್ನು ಟ್ಯಾಂಕಿನೊಳಗೆ ಇಳಿಬಿಟ್ಟಿರುತ್ತಾರೆ. ಎರಡೂ ಸೇರಿ ಒಂದು ಕೆಪಾಸಿಟರ್. ನಡುವಿನ ಸಂದಿಯಲ್ಲಿ ಗಾಳಿ ಇದ್ದಾಗ ಅದು ಹಿಡಿದಿಡುವ ವಿದ್ಯುದಾವೇಶವನ್ನು ಒಂದು ಎಂದಿಟ್ಟುಕೊಂಡರೆ, ಪೆಟ್ರೋಲ್ ತುಂಬಿದಾಗ ಸುಮಾರು ಎರಡು. ಎಷ್ಟು ಎತ್ತರದವರೆಗೆ ಪೆಟ್ರೋಲ್ ಇದೆ ಎಂಬುದನ್ನು ಇದರಿಂದ ಲೆಕ್ಕ ಹಾಕಬಹುದು. ಇಲ್ಲಿ ಒಂದು ಅಪಾಯವುಂಟು. ಎಥನಾಲ್‌ನ ಪಾಲಿಗೆ ಇದೇ ಅಂಕಿ ಸುಮಾರು 24, ನೀರಿಗೆ ಸುಮಾರು 80. ವಿಮಾನದ ಶುದ್ಧ ಪೆಟ್ರೋಲ್‌ನಲ್ಲಿ ತಾಳೆ ನೋಡಿದ ಇಂಥ ಸೆನ್ಸರಿಗೆ ಎಥನಾಲ್ ಬೆರೆತ ಕಾರಿನ ಪೆಟ್ರೋಲ್ ತುಂಬಿದರೆ, ಇರುವುದಕ್ಕಿಂತ ಹೆಚ್ಚು ಇದೆ ಎಂದು ತೋರಿಸುತ್ತದೆ. ಕಡಿಮೆ ತೋರಿಸುವ ಗೇಜು ಬೇಗ ಇಳಿಸೀತು, ಅಷ್ಟೆ. ಹೆಚ್ಚು ತೋರಿಸುವ ಗೇಜು ಕೊಲ್ಲಬಲ್ಲದು. ಆದ್ದರಿಂದ ಕಾರಿನ ಪೆಟ್ರೋಲ್ ಬಳಸಲು ಅನುಮತಿ ಇರುವ ಸಣ್ಣ ಎಂಜಿನ್‌ಗಳ ವಿಮಾನಗಳಲ್ಲಿ ಯಾವ ಇಂಧನ ಹಾಕುತ್ತಾರೋ ಅದರಲ್ಲೇ ತಾಳೆ ನೋಡಬೇಕು.

ಈ ಎರಡೂ ಬಗೆಯ ಸೆನ್ಸರ್‌ಗಳಿಗೆ ತಿಳಿಯುವುದು ಒಂದೇ: ತಾವಿರುವ ಜಾಗದಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕಿದೆ ಎಂಬುದು. ರೆಕ್ಕೆಯ ಟ್ಯಾಂಕೋ ಹಾಸಿಗೆಯ ಹಾಗೆ ಅಗಲ, ಚಪ್ಪಟೆ. ಆಳ ಕಡಿಮೆ, ಹರಹು ಹೆಚ್ಚು. ಹೀಗಾಗಿ ಮಟ್ಟದಲ್ಲಿ ಬೆರಳಗಲ ವ್ಯತ್ಯಾಸವಾದರೂ ಲೀಟರುಗಟ್ಟಲೆ ಲೆಕ್ಕ ತಪ್ಪುತ್ತದೆ. ಸಾಲದ್ದಕ್ಕೆ ರೆಕ್ಕೆಗಳು ತುದಿಯ ಕಡೆಗೆ ತುಸು ಮೇಲೆದ್ದಿರುತ್ತವೆ. ಬುಡದಲ್ಲಿರುವ ಗುಂಡು ಛಾವಣಿಗೆ ತಾಗಿ ನಿಂತ ಮೇಲೂ ತುದಿಯ ಕಡೆ ಇನ್ನಷ್ಟು ಲೀಟರ್ ಹಿಡಿಸುತ್ತದೆ. ಅಷ್ಟು ಪೆಟ್ರೋಲ್ ಗೇಜಿನ ಕಣ್ಣಿಗೆ ಬೀಳುವುದೇ ಇಲ್ಲ. ಹಾರಾಟದ ಮೊದಲ ಕೆಲವು ನಿಮಿಷ ಮುಳ್ಳು ‘ಪೂರ್ತಿ’ಯಲ್ಲೇ ಅಂಟಿಕೊಂಡಿದ್ದು ಆಮೇಲೆ ಸರಸರನೆ ಇಳಿಯುವುದು ಇದಕ್ಕೇ.

ಕೆಳಗಿನ ತುದಿಯಲ್ಲಿ ಇನ್ನೊಂದು ತೊಡಕಿದೆ. ಜಲಾಶಯದಲ್ಲಿ ಡೆಡ್ ಸ್ಟೋರೇಜ್ ಎಂದಿರುತ್ತದಲ್ಲ, ತೂಬಿಗಿಂತ ಕೆಳಗಿದ್ದು ನಾಲೆಗೆ ಹರಿಯದ ನೀರು? ಟ್ಯಾಂಕಿನಲ್ಲೂ ಹಾಗೆಯೇ ಎಂಜಿನ್‌ಗೆ ಸಿಗದ ಪೆಟ್ರೋಲ್ ತಳದಲ್ಲಿ ಉಳಿಯುತ್ತದೆ. ಸೆಸ್ನಾ 172 ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳಿ. 1955ರಲ್ಲಿ ಮೊದಲು ಹಾರಿದ ಈ ನಾಲ್ಕು ಸೀಟಿನ ಮಾದರಿ 44 ಸಾವಿರಕ್ಕೂ ಹೆಚ್ಚು ತಯಾರಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ನಿರ್ಮಾಣವಾದ ವಿಮಾನ ಎನಿಸಿದೆ. ಅದರ ‘ಎನ್’ ಎಂಬ ಅವತರಣಿಕೆಯ ಎರಡು ರೆಕ್ಕೆಗಳಲ್ಲಿ ಸೇರಿ ಹಿಡಿಸುವುದು 43 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 163 ಲೀಟರ್. ಬಳಕೆಗೆ ಸಿಗುವುದು 40 ಗ್ಯಾಲನ್, ಸುಮಾರು 151 ಲೀಟರ್. ಉಳಿದ 11 ಲೀಟರ್ ಚಿಲ್ಲರೆ ಇದ್ದೂ ಇಲ್ಲದ ಲೆಕ್ಕ. ಅದಕ್ಕೇ ಅಮೆರಿಕದ ನಿಯಮದಲ್ಲಿ, ಮಟ್ಟಸವಾಗಿ ಹಾರುವಾಗ ಬಳಸಲಾಗದ ಪೆಟ್ರೋಲ್ ಮಾತ್ರ ಉಳಿದಿದ್ದರೆ ಗೇಜು ಸೊನ್ನೆ ತೋರಿಸಬೇಕು ಎಂದು ಹೇಳಿತ್ತು. ಟ್ಯಾಂಕು ಒಣಗಿದಾಗ ಸೊನ್ನೆ ಎಂದರೆ ಸಾಲದು. ಎಂಜಿನ್‌ನ ಪಾಲಿಗೆ ಸೊನ್ನೆಯಾದಾಗಲೇ ಸೊನ್ನೆ ಎನ್ನಬೇಕು.

ಈ ಸೊನ್ನೆಯ ಆಸುಪಾಸಿನಲ್ಲೇ ಜೀವದ ಪ್ರಶ್ನೆ ಇರುವುದು. ಇಂಥ ಸೆಸ್ನಾ ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತದೆ. ಹಗಲು ಹೊತ್ತು ಕಣ್ಣಳತೆಯಲ್ಲಿ ಹಾರುವವರು ಇಳಿಯುವ ಜಾಗ ತಲುಪಿದ ಮೇಲೂ ಅರ್ಧ ಗಂಟೆ ಹಾರುವಷ್ಟು ಪೆಟ್ರೋಲ್ ಉಳಿಯುವಂತೆ ನೋಡಿಕೊಂಡು ಹೊರಡಬೇಕೆಂಬುದು ಅಮೆರಿಕದ ನಿಯಮ. ಅರ್ಧ ಗಂಟೆ ಎಂದರೆ 15 ಲೀಟರ್, ರೆಕ್ಕೆಗೆ ಏಳೂವರೆ. ಗೇಜಿನ ಪೂರ್ತಿ ಹರವಿನಲ್ಲಿ ಇದು ಹತ್ತರಲ್ಲಿ ಒಂದು ಪಾಲು. ಬೆರಳುದ್ದವೂ ಇರದ ಆ ಹರವಿನಲ್ಲಿ ಮುಳ್ಳಿನ ದಪ್ಪವೇ ಅದರಲ್ಲಿ ಗಣನೀಯ ಭಾಗವನ್ನು ನುಂಗುತ್ತದೆ. ಗೇಜು ಒಂದು ಕೂದಲು ಮೇಲಕ್ಕೆ ಸುಳ್ಳು ಹೇಳಿದರೂ ಆಪತ್ಕಾಲದ ಗಂಟು ಕರಗಿದಂತೆ.

ಸರಿ, ಕಲಿಸುವುದು ಹೇಗೆ? ಕೆಲಸ ಸುಲಭ, ತಾಳ್ಮೆ ಮಾತ್ರ ಬೇಕು. ವಿಮಾನವನ್ನು ಬಯಲಿಗೆ ತಂದು, ಸ್ಥಾಯೀ ವಿದ್ಯುತ್ತಿನ ಕಿಡಿ ಹಾರದಂತೆ ಅರ್ತಿಂಗ್ ತಂತಿ ಸಿಕ್ಕಿಸಿ, ಬೆಂಕಿ ನಂದಿಸುವ ಸಿಲಿಂಡರನ್ನು ಕೈಗೆಟುಕುವಂತೆ ಇಟ್ಟುಕೊಳ್ಳುತ್ತಾರೆ. ಪ್ಲಾಸ್ಟಿಕ್ ಕ್ಯಾನಿನಿಂದ ಸುರಿಯುವಾಗಂತೂ ಈ ಎಚ್ಚರ ಬಿಡುವಂತಿಲ್ಲ. ಅಳೆಯಬೇಕಾದ ಟ್ಯಾಂಕನ್ನು ತಳದ ಬಿರಡೆ ಬಿಚ್ಚಿ ಪೂರ್ತಿ ಬರಿದು ಮಾಡುತ್ತಾರೆ.

ಮುಂದಿನದು ಮಟ್ಟ ನೋಡುವುದು. ನೆಲದ ಮೇಲೆ ನಿಂತ ವಿಮಾನ ಆಕಾಶದಲ್ಲಿ ಹಾರುವ ಭಂಗಿಯಲ್ಲೇ ಇರುತ್ತದೆಂದು ಹೇಳಲಾಗದು. ಬಾಲದಡಿ ಚಕ್ರವಿರುವ ವಿಮಾನಗಳಂತೂ ನೆಲದ ಮೇಲೆ ಮೂಗು ಮೇಲೆತ್ತಿ ಕೂತಿರುತ್ತವೆ. ಆಗ ಪೆಟ್ರೋಲ್ ಎಲ್ಲ ಟ್ಯಾಂಕಿನ ಹಿಂಬದಿಗೆ ಸೇರಿರುತ್ತದೆ. ಆದ್ದರಿಂದ ಬಾಲವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಬೇಕು. ಗಾರೆ ಕೆಲಸದವರು ಗೋಡೆಯ ಮೇಲಿಡುವ ರಸಮಟ್ಟವನ್ನೇ ವಿಮಾನದ ಮೈಮೇಲೂ ಇಡುತ್ತಾರೆ. ಅದನ್ನು ಎಲ್ಲಿಡಬೇಕೆಂದು ತಯಾರಕರೇ ತಿಳಿಸಿರುತ್ತಾರೆ. ರೆಕ್ಕೆಗಳು ಎಡಕ್ಕೂ ಬಲಕ್ಕೂ ವಾಲಿರಬಾರದು. ಒಂದು ಚಕ್ರದಲ್ಲಿ ಗಾಳಿ ಕಡಿಮೆಯಿದ್ದರೂ ಲೆಕ್ಕ ಕೆಡುತ್ತದೆ.

ಆಮೇಲೆ ಇಬ್ಬರು ಬೇಕು. ಒಬ್ಬರು ಏಣಿಯ ಮೇಲೆ ಲಾಳಿಕೆ ಹಿಡಿದು, ಇನ್ನೊಬ್ಬರು ಕಾಕ್‌ಪಿಟ್‌ನಲ್ಲಿ ಪುಸ್ತಕ ಹಿಡಿದು. ಮೊದಲು ಬಳಸಲಾಗದ ಪೆಟ್ರೋಲ್‌ನಷ್ಟನ್ನೇ ಅಳೆದು ಸುರಿಯುತ್ತಾರೆ. ಸೆಸ್ನಾದಲ್ಲಾದರೆ ರೆಕ್ಕೆಗೆ ಸುಮಾರು ಐದೂಮುಕ್ಕಾಲು ಲೀಟರ್. ಮುಳ್ಳು ಎಲ್ಲಿ ನಿಂತಿದೆಯೋ ಅದನ್ನು ಸೊನ್ನೆಗೆ ಹೊಂದಿಸುತ್ತಾರೆ. ಅನಂತರ ಐದೈದೋ ಹತ್ತತ್ತೋ ಲೀಟರ್. ಪ್ರತಿಸಲ ಸುರಿದ ಮೇಲೆ ಒಳಗಿನ ಅಲೆ ನಿಲ್ಲುವವರೆಗೆ ಕಾದು, ಸೆನ್ಸರ್ ಕೊಡುವ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಗೇಜಿಗೆ ಬರುವ ವೋಲ್ಟೇಜೂ ಹಾರಾಟದಲ್ಲಿ ಇರುವಷ್ಟೇ ಇರಬೇಕು. ಎಂಜಿನ್ ನಿಂತಾಗಿನ ಬ್ಯಾಟರಿಯ 12 ವೋಲ್ಟ್‌ಗೂ ಆಲ್ಟರ್ನೇಟರ್‌ನ 14 ವೋಲ್ಟ್‌ಗೂ ಹಳೆಯ ಗೇಜುಗಳು ಬೇರೆ ಬೇರೆ ಉತ್ತರ ಹೇಳುವುದುಂಟು.

ಹೀಗೆ ಬರೆದ ಕೋಷ್ಟಕ ನೋಡಿದರೆ ಟ್ಯಾಂಕಿನ ಆಕಾರವೇ ಕಣ್ಣಿಗೆ ಕಟ್ಟುತ್ತದೆ. ಒಂದು ಕಡೆ ಹತ್ತು ಲೀಟರಿಗೆ ಅಂಕಿ ದಾಪುಗಾಲು ಹಾಕುತ್ತದೆ, ಇನ್ನೊಂದು ಕಡೆ ಆಮೆಯಂತೆ ತೆವಳುತ್ತದೆ, ಕೊನೆಯಲ್ಲಿ ಎಷ್ಟು ಸುರಿದರೂ ಅಲುಗದೆ ನಿಲ್ಲುತ್ತದೆ. ಹೊಸ ಡಿಜಿಟಲ್ ಉಪಕರಣಗಳಾದರೆ ಈ ಕೋಷ್ಟಕವನ್ನೇ ನೆನಪಿನಲ್ಲಿಟ್ಟುಕೊಂಡು ನಡುವಿನ ಅಂಕಿಗಳನ್ನು ತಾವೇ ಲೆಕ್ಕ ಹಾಕುತ್ತವೆ. ಹಳೆಯ ಗೇಜಿಗೆ ಅಷ್ಟು ಬುದ್ಧಿ ಇಲ್ಲ. ಅದರ ತಿರುಪು ತಿರುಗಿಸಿ, ತಯಾರಕರು ಹೇಳಿದಂತೆ ಸರಳನ್ನು ತುಸು ಬಗ್ಗಿಸಿ, ಎರಡು ತುದಿಗಳನ್ನಾದರೂ ಸರಿಮಾಡಬೇಕು. ನಡುವೆ ಎಷ್ಟು ತಪ್ಪುತ್ತದೆ ಎಂಬುದನ್ನು ಚೀಟಿ ಬರೆದು ಪಕ್ಕದಲ್ಲಿ ಅಂಟಿಸಬೇಕು. ಎಡ ಟ್ಯಾಂಕಿನ ಕೋಷ್ಟಕ ಬಲಕ್ಕೆ ನಡೆಯುವುದಿಲ್ಲ. ಅವಳಿ ಮಕ್ಕಳಂತೆ ಕಂಡರೂ ಎರಡರ ಸೆನ್ಸರೂ ಒಂದೇ ಮಾತು ಹೇಳುವುದು ಅಪರೂಪ. ಬಾಲದ ಚಕ್ರದ ವಿಮಾನಕ್ಕೆ ನೆಲದ ಭಂಗಿಯಲ್ಲಿ ಇನ್ನೊಂದು ಕೋಷ್ಟಕವೂ ಬೇಕು; ಹೊರಡುವ ಮುನ್ನ ನೋಡುವುದು ಆ ಭಂಗಿಯಲ್ಲೇ ತಾನೆ?

ಇಷ್ಟೆಲ್ಲ ಪಾಡು ಏಕೆ, ಗೇಜನ್ನು ನಂಬದಿದ್ದರಾಯಿತು ಎನ್ನುವ ಪೈಲಟ್‌ಗಳು ಬಹಳ. ಹಾರಾಟ ಕಲಿಸುವವರೂ ಶಿಷ್ಯರಿಗೆ ಹೇಳುವುದು ಅದನ್ನೇ: ರೆಕ್ಕೆ ಹತ್ತು, ಮುಚ್ಚಳ ತೆಗೆ, ಅಳತೆಯ ಕಡ್ಡಿ ಇಳಿಬಿಡು, ಗಡಿಯಾರ ನೋಡಿ ಲೆಕ್ಕ ಹಾಕು. ಬುದ್ಧಿವಾದ ಸರಿಯೇ. ಆದರೆ ಕಡ್ಡಿ ಮತ್ತು ಗಡಿಯಾರ ಎರಡೇ ಸಾಕೆಂದುಕೊಂಡರೆ ಎಡವಟ್ಟಾಗುತ್ತದೆ. ಇದಕ್ಕೆ ದೊಡ್ಡ ವಿಮಾನಗಳ ಎರಡು ಘಟನೆಗಳೇ ಪಾಠ.

1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ಒಂದು ಗೇಜು ಕೆಟ್ಟ ಸ್ಥಿತಿಯಲ್ಲೇ ಮಾಂಟ್ರಿಯಲ್‌ನಿಂದ ಹೊರಟಿತು. ಕಡ್ಡಿಯಿಂದ ಅಳೆದರು, 7,682 ಲೀಟರ್ ಇತ್ತು. ಅಳತೆ ಸರಿಯಾಗಿಯೇ ಇತ್ತು. ತೂಕ ತಿಳಿಯಲು ಕಿಲೋ ಲೆಕ್ಕದ 0.8ರ ಬದಲು ಪೌಂಡ್ ಲೆಕ್ಕದ 1.77ರಿಂದ ಗುಣಿಸಿದರು. ಬೇಕಾಗಿದ್ದುದು 22,300 ಕಿಲೋ. ಅದರ ಅರ್ಧವೂ ಇರದ ವಿಮಾನ ಆಕಾಶಕ್ಕೇರಿತು. ನಡುದಾರಿಯಲ್ಲಿ ಎರಡೂ ಎಂಜಿನ್ ನಿಂತವು. ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಅದನ್ನು ಗ್ಲೈಡರಿನಂತೆ ತೇಲಿಸಿ ಇಳಿಸಿದ್ದರಿಂದ 69 ಜನರ ಜೀವ ಉಳಿಯಿತು. ಕಡ್ಡಿ ಸುಳ್ಳು ಹೇಳಿರಲಿಲ್ಲ. ಅದರ ಮಾತನ್ನು ತಾಳೆ ನೋಡಲು ಎರಡನೆಯ ಸಾಕ್ಷಿ ಇರಲಿಲ್ಲ, ಅಷ್ಟೆ.

ಇನ್ನೊಂದು ಇದರ ತಿರುವುಮುರುವು. 2001ರ ಆಗಸ್ಟ್ 24ರಂದು ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟ ಏರ್ ಟ್ರಾನ್ಸಾಟ್‌ನ ಏರ್‌ಬಸ್ 330ರಲ್ಲಿ ಬಲ ಎಂಜಿನ್ನಿನ ಇಂಧನ ಕೊಳವೆ ಸೀಳಿ ಅಟ್ಲಾಂಟಿಕ್ ಮೇಲೆ ಇಂಧನ ಸೋರತೊಡಗಿತು. ಗೇಜುಗಳು ಇದ್ದದ್ದನ್ನೇ ಹೇಳುತ್ತಿದ್ದವು. ಪೈಲಟ್‌ಗಳಿಗೆ ನಂಬಿಕೆ ಬರಲಿಲ್ಲ. ಕಂಪ್ಯೂಟರ್ ಕೆಟ್ಟಿರಬೇಕೆಂದು ಶಂಕಿಸಿದರು. ತೂಕ ಸರಿದೂಗಿಸಲು ಚೆನ್ನಾಗಿದ್ದ ಟ್ಯಾಂಕಿನ ಇಂಧನವನ್ನೂ ಸೋರುವ ಕಡೆಗೇ ತಿರುಗಿಸಿದರು. ಎರಡೂ ಎಂಜಿನ್ ನಿಂತ ಮೇಲೆ ಅಜೋರ್ಸ್ ದ್ವೀಪದ ಲಾಜೆಸ್‌ವರೆಗೆ ತೇಲಿಕೊಂಡೇ ಬಂದು ಇಳಿದರು. 306 ಮಂದಿಯೂ ಉಳಿದದ್ದು ಅದೃಷ್ಟ ಮತ್ತು ಕೈಚಳಕ.

ಸೆಸ್ನಾದಂಥ ಸಣ್ಣ ವಿಮಾನದಲ್ಲೂ ಇದು ಆಗಬಹುದು. ರೆಕ್ಕೆಯ ಮೇಲಿನ ಮುಚ್ಚಳ ಸರಿಯಾಗಿ ಕೂತಿರದಿದ್ದರೆ, ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಇಳಿಯುವುದರಿಂದ ಪೆಟ್ರೋಲ್ ಹೊರಕ್ಕೆ ಹೀರಿಕೊಂಡು ಹೋಗುತ್ತದೆ. ಹೊರಡುವ ಮುನ್ನ ಇಳಿಬಿಟ್ಟ ಕಡ್ಡಿಗೆ ಇದು ಗೊತ್ತಾಗದು. ಗಡಿಯಾರಕ್ಕೂ ಗೊತ್ತಾಗದು. ಎಂಜಿನ್‌ಗೆ ಹರಿದ ಪೆಟ್ರೋಲನ್ನು ಎಣಿಸುವ ಹೊಸ ಯಂತ್ರಗಳಿವೆ. ಅವೂ ನ್ಯಾಯಬೆಲೆ ಅಂಗಡಿಯ ದಾಸ್ತಾನು ಪುಸ್ತಕದಂತೆ: ಬಾಗಿಲಿನಿಂದ ಹೋದದ್ದನ್ನು ಬರೆದುಕೊಳ್ಳುತ್ತವೆ, ಹಿಂದಿನ ಕಿಟಕಿಯಿಂದ ಸಾಗಿಹೋದದ್ದನ್ನಲ್ಲ. ಗೋದಾಮಿನೊಳಗೆ ಇಣುಕಿ ನೋಡುವುದು ಟ್ಯಾಂಕಿನ ಸೆನ್ಸರ್ ಒಂದೇ. ಅದು ಎಂದೂ ಸರಿ ಹೇಳದು ಎಂದು ಕಣ್ಣು ಹಾಯಿಸುವುದನ್ನೇ ಬಿಟ್ಟ ಪೈಲಟ್‌ಗೆ, ಅದು ನಿಜ ಹೇಳಿದ ದಿನ ಕೇಳಿಸುವುದಿಲ್ಲ. ಕ್ಯಾಲಿಬ್ರೇಶನ್‌ನ ನಿಜವಾದ ಫಲ ಇರುವುದು ಇಲ್ಲಿ. ಮುಳ್ಳು ಸರಿಯಾಗುವುದರ ಜೊತೆಗೆ, ನೋಡುವವನಿಗೆ ಅದರ ಮೇಲೆ ನಂಬಿಕೆ ಮರಳುತ್ತದೆ.

ಒಮ್ಮೆ ಕಲಿಸಿದರೆ ಮುಗಿಯಿತೆಂದಲ್ಲ. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ 130ಕ್ಕೂ ಹೆಚ್ಚು ಟಿಎಂಸಿ ಹಿಡಿಸುತ್ತಿತ್ತು. ಹೂಳು ತುಂಬಿ ಅದು ಸುಮಾರು 105 ಟಿಎಂಸಿಗೆ ಇಳಿದ ಮೇಲೆ ಹಳೆಯ ಕೋಷ್ಟಕ ಹಿಡಿದು ಕೂತರೆ ನಡೆದೀತೆ? ವಿಮಾನದ ಟ್ಯಾಂಕಿಗೆ ಹೂಳಿಲ್ಲ, ಆದರೆ ಸೆನ್ಸರಿಗೆ ಮುಪ್ಪುಂಟು. ತೇಲುಗುಂಡಿನಲ್ಲಿ ತೂತು ಬಿದ್ದು ಅದು ಮುಳುಗುತ್ತದೆ. ರೋಧಕ ಸವೆಯುತ್ತದೆ. ಅರ್ತಿಂಗ್ ತಂತಿಯ ಕೊನೆಗೆ ಕಿಲುಬು ಹಿಡಿಯುತ್ತದೆ. ಗೇಜು ಬದಲಿಸಿದರೂ ಸೆನ್ಸರ್ ಬಿಚ್ಚಿ ಕೂರಿಸಿದರೂ ಪಾಠ ಮತ್ತೆ ಮೊದಲಿನಿಂದ.

ಅಲ್ಲಿಯವರೆಗೆ ಮುಳ್ಳಿನ ಮೇಲೆ ಕಣ್ಣಿಡಲು ಒಂದು ಅಗ್ಗದ ಉಪಾಯವಿದೆ. ಪ್ರತಿಸಲ ಪೆಟ್ರೋಲ್ ತುಂಬಿಸುವ ಮುನ್ನ ಎರಡೂ ಗೇಜಿನ ಅಂಕಿ ಬರೆದುಕೊಳ್ಳುವುದು. ಟ್ಯಾಂಕು ತುಂಬಿದ ಮೇಲೆ ಪ್ರತಿ ರೆಕ್ಕೆಗೆ ಎಷ್ಟು ಲೀಟರ್ ಹಿಡಿಸಿತೆಂದು ಅದರ ಪಕ್ಕದಲ್ಲಿ ಬರೆಯುವುದು. ಗೇಜು ‘ಇಪ್ಪತ್ತು ಉಳಿದಿದೆ’ ಎಂದಾಗ ಬಂಕಿನ ರಸೀತಿ ‘ಹನ್ನೆರಡೇ ಇತ್ತು’ ಎಂದು ತೋರಿಸಿದರೆ, ಮುಂದಿನ ಹಾರಾಟಕ್ಕೆ ಮುಂಚೆ ಏಣಿ, ಲಾಳಿಕೆ ಮತ್ತು ರಸಮಟ್ಟವನ್ನು ಹೊರತೆಗೆಯುವ ಹೊತ್ತು ಬಂದಿದೆ ಎಂದರ್ಥ.